ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದವರು ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವುದು ಹೇಗೆ?

ನಿಘಂಟನ್ನು ಬಾಯಿಪಾಠ ಮಾಡುವ ಶ್ರಮವನ್ನು ದಯವಿಟ್ಟು ಕೈಬಿಡಿ. ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ ಅವರು 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ, ಯಾವ ವಿಷಯದ ಪಠ್ಯದಲ್ಲಾದರೂ ಪದೇ ಪದೇ ಎದುರಾಗುವ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳಿವೆ. ಅಲ್ಲಿಂದ ಆರಂಭಿಸುವುದೇ ಸೂಕ್ತ. ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ, ಅದರೊಡನೆ ಸಹಜವಾಗಿ ಬರುವ ಪದಗಳ ಸಮೇತ ಬರೆದುಕೊಳ್ಳಿ. ‘ಕಂಡಕ್ಟ್’ ಎಂದರೆ ನಡೆಸು ಎಂದಷ್ಟೇ ಕಲಿತವರು ಅಂಗಡಿ ನಡೆಸುವುದಕ್ಕೂ ಅದನ್ನೇ ಬಳಸಿಬಿಡುತ್ತಾರೆ. ‘ಕಂಡಕ್ಟ್ ಎ ಸರ್ವೆ’, ‘ರನ್ ಎ ಶಾಪ್’ ಎಂದು ಬರೆದುಕೊಂಡವರಿಗೆ ಆ ಗೊಂದಲವಿರುವುದಿಲ್ಲ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಲೋಕಲ್ ರೈಲಿನಲ್ಲಿ ಬರುವ ಹೊತ್ತನ್ನು ಪುನರಾವರ್ತನೆಗೆ ಮೀಸಲಿಡಿ: ಕಲಿತ ಪದವನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಹೀಗೆ ಅಂತರ ಹೆಚ್ಚಿಸುತ್ತಾ, ಅರ್ಥವನ್ನು ನೋಡದೆಯೇ ನೆನಪಿಸಿಕೊಳ್ಳಬೇಕು.