ಅಪವರ್ತನ ಸಿಗದೆಯೇ ಒಂದು ದೊಡ್ಡ ಸಂಖ್ಯೆ ಸಂಯುಕ್ತ, ಅಂದರೆ ತನಗಿಂತ ಚಿಕ್ಕ ಎರಡು ಸಂಖ್ಯೆಗಳ ಗುಣಲಬ್ಧ, ಎಂದು ಹೇಳಬಹುದಾ?
ಖಂಡಿತ ಹೇಳಬಹುದು. 2ರ 67ನೇ ಘಾತದಿಂದ 1 ಕಳೆದರೆ 147573952589676412927 ಬರುತ್ತದೆ. ಇದು ಅವಿಭಾಜ್ಯ ಎಂದು 1644ರಲ್ಲಿ ಫ್ರೆಂಚ್ ವಿದ್ವಾಂಸ ಮರ್ಸೆನ್ ಬರೆದಿದ್ದರು. ಅಲ್ಲ, ಇದು ಸಂಯುಕ್ತ ಎಂದು 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾಸ್ ತೋರಿಸಿದರು. ಆಗ ಒಂದು ಅಪವರ್ತನವೂ ಗೊತ್ತಿರಲಿಲ್ಲ!

ಇದು ಹೇಗೆ ಸಾಧ್ಯ? ಅವಿಭಾಜ್ಯ ಸಂಖ್ಯೆಗಳು ಕೆಲವು ನಿಯಮಗಳನ್ನು ಮೀರುವುದೇ ಇಲ್ಲ. ಉದಾಹರಣೆಗೆ ಫರ್ಮಾ ನಿಯಮ: 'ನ' ಅವಿಭಾಜ್ಯವಾಗಿದ್ದು 3 ಅಲ್ಲದಿದ್ದರೆ, 3ರ (ನ−1)ನೇ ಘಾತವನ್ನು 'ನ'ದಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಬರಲಿಲ್ಲ ಅಂದರೆ 'ನ' ಸಂಯುಕ್ತ, ಅಷ್ಟೇ. ಲ್ಯೂಕಾಸ್ ಬಳಸಿದ ಪರೀಕ್ಷೆ ಬೇರೆ, ಆದರೆ ತರ್ಕ ಇದೇ. ಶೇಷ 1 ಬಂತೆಂದು ಮಾತ್ರ ಅವಿಭಾಜ್ಯ ಅಂದುಕೊಳ್ಳಬೇಡಿ. 3ರ ಬದಲು 2 ಇಟ್ಟು ನೋಡಿದರೆ ನಮ್ಮ ಈ ಸಂಯುಕ್ತ ಸಂಖ್ಯೆಯೂ ಪಾಸಾಗಿಬಿಡುತ್ತದೆ!

ಅಪವರ್ತನಗಳನ್ನು 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕೊಟ್ಟರು: 193707721 × 761838257287. ಎರಡನ್ನೂ 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗಿಸಿ ನೋಡಿ. ಶೇಷ 1 ಬರುತ್ತದೆ.