ಕೋಲ್ಡ್ ರೂಮ್‌ನಲ್ಲಿ ಸಿಗಡಿ ಹಾಳಾಯ್ತು, ಮಾಲಕರು ದುಡ್ಡು ಕಟ್ಟು ಅಂತಾರೆ. ಕಟ್ಟಲೇಬೇಕಾ?

ನೀವು ಬರೆದದ್ದು ಇಷ್ಟು. ಕಾರವಾರದ ಹತ್ತಿರ ಮೀನು ವ್ಯಾಪಾರಿಯೊಬ್ಬರ ಕೋಲ್ಡ್ ರೂಮ್‌ನಲ್ಲಿ ರಾತ್ರಿ ಪಾಳಿ, ತಿಂಗಳಿಗೆ 16,000 ಸಂಬಳ. ಒಂದು ರಾತ್ರಿ ಕರೆಂಟು ಹೋಗಿ ಬಂತು, ಕಂಪ್ರೆಸರ್ ಮತ್ತೆ ಚಾಲೂ ಆಗಲಿಲ್ಲ, ನಿಮಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಸಿಗಡಿಯೆಲ್ಲ ಹಾಳು. ಮಾಲಕರ ಲೆಕ್ಕದಲ್ಲಿ ನಷ್ಟ 2,40,000 ರೂಪಾಯಿ. ಎರಡು ತಿಂಗಳ ಸಂಬಳ ಹಿಡಿದಿಟ್ಟಿದ್ದಾರೆ. ಉಳಿದದ್ದನ್ನು ಕಂತಿನಲ್ಲಿ ಕಟ್ಟುತ್ತೇನೆ ಅಂತ ಬಾಂಡ್ ಪೇಪರ್ ಮೇಲೆ ಸಹಿ ಹಾಕು, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಅಂತಿದ್ದಾರೆ. ಅಮ್ಮ ಬಂಗಾರ ಅಡವಿಡಲು ಹೊರಟಿದ್ದಾರೆ.

ಬಂಗಾರ ಸದ್ಯ ಮನೆಯಲ್ಲೇ ಇರಲಿ. ಸಹಿಯೂ ಬೇಡ.

ನಾನು ವಕೀಲನಲ್ಲ. ಅಂಕೋಲಾದಲ್ಲಿ ಸಣ್ಣಪುಟ್ಟ ಫರ್ಮುಗಳ ಲೆಕ್ಕ, ಸಂಬಳದ ರಿಜಿಸ್ಟರ್ ಬರೆಯುವ ಕೆಲಸ ನನ್ನದು. ಅಂದ್ರೆ ನನಗೆ ಫೀಸು ಕೊಡುವವರು ಮಾಲಕರೇ. ಅವರು ಕೇಳಿದಾಗಲೂ ನಾನು ಹೇಳುವುದು ಇದನ್ನೇ: ನಷ್ಟ ಎಷ್ಟು, ತಪ್ಪು ಯಾರದು, ಎಷ್ಟು ಹಿಡಿಯಬೇಕು, ಈ ಮೂರನ್ನೂ ಒಬ್ಬರೇ ಕೂತು ತೀರ್ಮಾನ ಮಾಡುವ ಹಾಗಿಲ್ಲ.

ಸಂಬಳದಲ್ಲಿ ಏನೇನು ಮುರಿದುಕೊಳ್ಳಬಹುದು ಅಂತ ಕಾನೂನಿನಲ್ಲಿ ಒಂದು ಪಟ್ಟಿಯೇ ಇದೆ. ಮೊದಲು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು, ಹೊಸದಕ್ಕೆ ಆ ಮಿತಿ ಇಲ್ಲ. 'ನಮ್ಮದು ನಾಲ್ಕು ಜನರ ಶೆಡ್ಡು, ನಮಗೆಲ್ಲ ಕಾನೂನು ಎಲ್ಲಿಂದ' ಅನ್ನುವ ಮಾತು ನಡೆಯುವುದಿಲ್ಲ.

ಹಾಳಾದ ಮಾಲಿನ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲಿದೆ. ಮಾಲನ್ನು ನೋಡಿಕೊಳ್ಳುವ ಜವಾಬ್ದಾರಿ ಸ್ಪಷ್ಟವಾಗಿ ನಿಮಗೆ ಒಪ್ಪಿಸಿರಬೇಕು. ನಷ್ಟ ನೇರವಾಗಿ ನಿಮ್ಮ ಅಲಕ್ಷ್ಯದಿಂದಲೇ ಆಗಿರಬೇಕು. ಎರಡೂ ಇದ್ದರೆ ಮಾತ್ರ ಮುರಿದುಕೊಳ್ಳಬಹುದು. ಅದಕ್ಕೂ ಮೊದಲು ನಿಮ್ಮ ಉತ್ತರ ಹೇಳಲು ಅವಕಾಶ ಕೊಡಬೇಕು. ಬೆಳಿಗ್ಗೆ ನಾಲ್ಕು ಜನರ ಎದುರು ಬೈದದ್ದು ಆ ಅವಕಾಶ ಆಗುವುದಿಲ್ಲ.

ನಿಮ್ಮ ವಿಷಯದಲ್ಲಿ ಗಟ್ಟಿ ಪ್ರಶ್ನೆ ಈ 'ನೇರವಾಗಿ' ಅನ್ನುವುದೇ. ನಿದ್ದೆ ಮಾಡಿದ್ದು ಹೌದು, ಅದನ್ನು ಮುಚ್ಚಿಡಲು ಹೋಗಬೇಡಿ. ಆದರೆ ಸಿಗಡಿ ಹಾಳಾಗಲು ಅದೊಂದೇ ಕಾರಣವಾ? ನಮ್ಮ ಕಡೆ ಕರೆಂಟು ಹೋಗಿ ಬರುವುದು ಮಾಲಕರಿಗೆ ಗೊತ್ತಿಲ್ಲದ ಸಂಗತಿ ಅಲ್ಲ. ಜನರೇಟರ್ ಇತ್ತಾ? ಇದ್ದರೆ ಅದಕ್ಕೆ ಡೀಸೆಲ್ ಇತ್ತಾ? ಒಳಗೆ ಬಿಸಿ ಏರಿದರೆ ಕೂಗುವ ಅಲಾರಾಂ ಇತ್ತಾ? ಟ್ರಿಪ್ ಆದರೆ ಹೇಗೆ ಚಾಲೂ ಮಾಡಬೇಕು ಅಂತ ನಿಮಗೆ ಯಾರಾದರೂ ತೋರಿಸಿದ್ದರಾ, ಅಥವಾ ಕೀಲಿ ಕೈಗೆ ಕೊಟ್ಟು 'ನೋಡ್ಕೋ' ಅಂದಿದ್ದಷ್ಟೇನಾ? ಆ ದಿನ ಹಗಲು ಲೋಡಿಂಗ್‌ಗೂ ಕರೆದಿದ್ದರು ಅಂತ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ಮಾರಾಯ್ರೇ, ಅದನ್ನೇ ಮೊದಲು ಬರೆಯಬೇಕಿತ್ತು. ಹಗಲೆಲ್ಲ ಪೆಟ್ಟಿಗೆ ಹೊತ್ತವನನ್ನು ರಾತ್ರಿ ಒಬ್ಬನೇ ಕಾವಲಿಗೆ ಕೂರಿಸಿದರೆ ಅವನು ನಿದ್ದೆ ಹೋಗದೆ ಇನ್ನೇನು ಮಾಡುತ್ತಾನೆ? ಆ ದಿನ ಲೋಡಿಂಗ್‌ಗೆ ಕರೆದ ಮೆಸೇಜು, ಕಾಲ್ ಲಿಸ್ಟ್, ಜೊತೆಗಿದ್ದವರ ಹೆಸರು, ಎಲ್ಲ ಈಗಲೇ ತೆಗೆದಿಡಿ. ಫೋನು ಬದಲಾಯಿಸಬೇಡಿ.

ಇನ್ನು ಆ 2,40,000. ಆದ ನಷ್ಟಕ್ಕಿಂತ ಒಂದು ರೂಪಾಯಿ ಜಾಸ್ತಿ ಹಿಡಿಯುವ ಹಾಗಿಲ್ಲ. ಅದು ಬೋಟಿನವರಿಂದ ಕೊಂಡ ರೇಟಾ, ಮಾರಿದ್ದರೆ ಸಿಗುತ್ತಿದ್ದ ರೇಟಾ? ಹಾಳಾದ ಮಾಲನ್ನು ಫಿಶ್‌ಮೀಲ್ ಕಾರ್ಖಾನೆಗೆ ಕೊಟ್ಟರಾ, ಅಲ್ಲಿಂದ ಎಷ್ಟು ಬಂತು? ವಿಮೆ ಇತ್ತಾ? ಖರೀದಿ ಬಿಲ್ಲು ತೋರಿಸಿ ಅಂತ ಕೇಳಿ. ನಾನು ನೋಡಿದ ಹಾಗೆ, ಬಿಲ್ಲು ಕೇಳಿದ ಕೂಡಲೇ ಮೊತ್ತ ಇಳಿಯುತ್ತದೆ.

ತಪ್ಪೆಲ್ಲ ನಿಮ್ಮದೇ ಅಂತ ಆದರೂ ಪೂರ್ತಿ ಸಂಬಳ ಹಿಡಿಯಲು ಬರುವುದಿಲ್ಲ. ಒಂದು ತಿಂಗಳಲ್ಲಿ ಎಲ್ಲಾ ಕಡಿತ ಸೇರಿ ಅರ್ಧ ಸಂಬಳ ದಾಟಬಾರದು. ನಿಮಗೆ 8,000, ಪಿಎಫ್ ಇದ್ದರೆ ಅದೂ ಅದರೊಳಗೇ. ಹಾಗಾಗಿ ಎರಡು ತಿಂಗಳ ಸಂಬಳವನ್ನು ಪೂರ್ತಿ ತಡೆದಿರುವುದು ಯಾವ ಲೆಕ್ಕದಲ್ಲೂ ತಪ್ಪು. ಕೆಲವರು ಇದನ್ನು 'ದಂಡ' ಅಂತ ಬರೆದು ನುಣುಚಿಕೊಳ್ಳಲು ನೋಡುತ್ತಾರೆ. ದಂಡಕ್ಕೆ ಮಿತಿ ಇನ್ನೂ ಕಡಿಮೆ, ಸಂಬಳದ ಶೇಕಡಾ 3. ನಿಮ್ಮ ಲೆಕ್ಕದಲ್ಲಿ 480 ರೂಪಾಯಿ.

ಪೊಲೀಸ್ ಮಾತಿಗೆ ಜಾಸ್ತಿ ಹೆದರಬೇಡಿ. ನಂಬಿಕೆ ದ್ರೋಹದ ಕೇಸಿಗೆ ಮೋಸದ ಉದ್ದೇಶ ಇರಬೇಕು, ನಿದ್ದೆಯಲ್ಲಿ ಅದು ಎಲ್ಲಿಂದ ಬರುತ್ತದೆ? ಠಾಣೆಯಿಂದ ಕರೆದರೆ ಹೋಗಿ, ನಡೆದದ್ದನ್ನು ಹೇಳಿ ಬನ್ನಿ. ಆದರೆ ರಾತ್ರೋರಾತ್ರಿ ಗೋವಾಕ್ಕೆ ಹೋಗಿ ಬೇರೆ ಕೆಲಸ ಹಿಡಿಯುವುದು ಬೇಡ. ನಮ್ಮ ಹುಡುಗರು ಮಾಡುವುದು ಅದನ್ನೇ, ಆಮೇಲೆ ಮಾಲಕರಿಗೆ 'ಓಡಿಹೋದ' ಅಂತ ಹೇಳಲು ಸುಲಭ. ಬಿಡುವುದಾದರೆ ರಾಜೀನಾಮೆ ಬರೆದು ಕೊಟ್ಟು ಬಿಡಿ. ಆಗ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತಲೂ ಸಂಹಿತೆಯಲ್ಲಿದೆ. ಮಾಲಕರು ನಿಮ್ಮನ್ನು ಕೆಲಸದಿಂದ ತೆಗೆಯಬಹುದು, ನಷ್ಟಕ್ಕೆ ಸಿವಿಲ್ ಕೋರ್ಟಿಗೂ ಹೋಗಬಹುದು. ಹೋಗಲಿ. ಅಲ್ಲಿ ನಷ್ಟವನ್ನೂ ನಿಮ್ಮ ತಪ್ಪನ್ನೂ ಸಾಬೀತು ಮಾಡುವ ಕೆಲಸ ಅವರದು.

ಈಗ ಒಂದು ಕಾಗದ ಬರೆಯಿರಿ. ಹೆಚ್ಚೇನೂ ಬೇಡ: 'ಇಂಥ ದಿನ ಕೋಲ್ಡ್ ರೂಮ್‌ನಲ್ಲಿ ಆದ ನಷ್ಟಕ್ಕೆ ನಾನು ಹೊಣೆ ಎಂದು ಒಪ್ಪಿಲ್ಲ. ನಷ್ಟದ ಲೆಕ್ಕ, ಬಿಲ್ಲು ಕೊಡಿ. ನನ್ನ ಉತ್ತರ ಕೊಡಲು ಅವಕಾಶ ಕೊಡಿ. ತಡೆದಿರುವ ಇಂಥ ಎರಡು ತಿಂಗಳ ಸಂಬಳವನ್ನು ಬಿಡುಗಡೆ ಮಾಡಿ.' ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲೂ ಅದರ ಫೋಟೋ ಹಾಕಿ. 'ಸಾರಿ ಸರ್, ಹೇಗಾದರೂ ತೀರಿಸ್ತೇನೆ' ಅಂತ ಮಾತ್ರ ಎಲ್ಲೂ ಬರೆಯಬೇಡಿ. ಪಾಪ, ಮನಸ್ಸಿನ ಭಾರಕ್ಕೆ ಬರೆದಿರುತ್ತಾರೆ, ಆಮೇಲೆ ಅದೇ ಸಾಕ್ಷಿ.

ಉತ್ತರ ಬರದಿದ್ದರೆ ಕಾರವಾರದ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಅರ್ಜಿ ಹಾಕಲು ಮೂರು ವರ್ಷದ ಅವಧಿ ಇದೆ, ಆದರೂ ಈ ತಿಂಗಳೇ ಹಾಕಿ. ಸಂಬಳ ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲಕರದು. ತಪ್ಪಾಗಿ ಹಿಡಿದದ್ದು ಸಾಬೀತಾದರೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಅಷ್ಟು ಸಿಕ್ಕೀತು ಅಂತ ಕನಸು ಕಾಣಬೇಡಿ, ಆದರೆ ಮಾತುಕತೆಗೆ ಕೂತಾಗ ಆ ಸಾಲು ಕೆಲಸಕ್ಕೆ ಬರುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಕಾನೂನು ನೆರವಿನ ಸಹಾಯವಾಣಿ ಅದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಾರವಾರದಲ್ಲೇ ಇದೆ.

ಬಾಂಡ್ ಯಾಕೆ ಬೇಡ ಅಂದೆ ಅಂದರೆ, ಸಂಬಳದ ಹಕ್ಕು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅದೇ ಕಾಗದದಲ್ಲಿ '2,40,000 ಸಾಲ ಕೊಡಬೇಕಿದೆ' ಅಂತ ಬರೆದು ಸಹಿ ಮಾಡಿದರೆ ಕತೆ ಬೇರೆ, ಅದರಿಂದ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಓಡಾಡಬೇಕು. ಇಬ್ಬರೂ ಒಪ್ಪಿ ಏನಾದರೂ ಸಣ್ಣ ಮೊತ್ತಕ್ಕೆ ರಾಜಿ ಆಗುವುದಾದರೆ ತಪ್ಪೇನಿಲ್ಲ, ಇಷ್ಟಕ್ಕೆ ಲೆಕ್ಕ ಚುಕ್ತಾ ಅಂತ ಬರೆಸಿಕೊಳ್ಳಿ.

ಕೆಲಸಕ್ಕೆ ಸೇರುವಾಗ ಒಂದು ಖಾಲಿ ಚೆಕ್ ಸಹಿ ಮಾಡಿ ಕೊಟ್ಟಿದ್ದೆ ಅಂದಿದ್ದೀರಿ. ನನಗೆ ಬಾಂಡ್‌ಗಿಂತ ಅದರದ್ದೇ ಚಿಂತೆ. ಸಹಿ ಇರುವ ಚೆಕ್ಕಿಗೆ ಹಿಂದೆ ಸಾಲ ಇದೆ ಅಂತಲೇ ಕೋರ್ಟು ಮೊದಲು ಹಿಡಿಯುತ್ತದೆ, ಇಲ್ಲ ಅಂತ ತೋರಿಸಬೇಕಾದವರು ನೀವು. ಇವತ್ತೇ ಮೇಲಿನ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ: ಆ ಚೆಕ್ಕಿನ ನಂಬರು, ಅದನ್ನು ಸಾಲಕ್ಕಾಗಿ ಕೊಟ್ಟಿಲ್ಲ, ವಾಪಸ್ ಕೊಡಿ ಅಂತ. ಬ್ಯಾಂಕಿಗೂ ಬರೆದು ಪೇಮೆಂಟ್ ನಿಲ್ಲಿಸಿ. ಅಷ್ಟಾದರೂ ಅವರು ಚೆಕ್ ಹಾಕಿ, ಅದು ವಾಪಸಾಗಿ ನೋಟಿಸ್ ಬಂದರೆ ನಿಮಗಿರುವುದು 15 ದಿನ. ಆ ನೋಟಿಸನ್ನು ಹಿಡಿದುಕೊಂಡು ಅವತ್ತೇ ವಕೀಲರ ಹತ್ತಿರ ಹೋಗಿ.