ತಾತನ ಟೋಪಿಯ ಮೇಲಿರುವುದು ಯಾವ ಬ್ಯಾಡ್ಜ್?

ಪ್ರಶ್ನೆ: ನಮ್ಮ ತಾತ ಮಿಲ್ಟ್ರಿಯಲ್ಲಿದ್ದರು, ಬರ್ಮಾ ಯುದ್ಧಕ್ಕೆ ಹೋಗಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಸ್ಟುಡಿಯೊದಲ್ಲಿ ತೆಗೆಸಿದ ಒಂದೇ ಫೋಟೊ ಉಳಿದಿದೆ. ಓರೆಯಾಗಿ ಇಟ್ಟ ಟೋಪಿ, ಅದರಲ್ಲಿ ನಕ್ಷತ್ರದ ಥರದ ಬ್ಯಾಡ್ಜ್, ಮೇಲೆ ಕಿರೀಟ. ಇದು ಯಾವ ರೆಜಿಮೆಂಟ್?
– ಹಾಸನದ ಓದುಗರು

ಉತ್ತರ: ಫೋಟೊ ದೊಡ್ಡದು ಮಾಡಿ ನೋಡಿದೆ. ಹಿತ್ತಾಳೆಯ ಮೇಲೆ ಸ್ಟುಡಿಯೊ ಬೆಳಕು ಬಿದ್ದು ಬ್ಯಾಡ್ಜಿನ ನಡುಭಾಗ ಪೂರ್ತಿ ಬೆಳ್ಳಗಾಗಿದೆ, ಅಕ್ಷರ ಓದಲು ಆಗಲ್ಲ. ಪರವಾಗಿಲ್ಲ. ಇಂಥ ಫೋಟೊಗಳಲ್ಲಿ ಅಕ್ಷರ ಹುಡುಕುತ್ತಾ ಕೂರಬೇಡಿ, ಹೊರಗಿನ ಆಕಾರ ನೋಡಿ. ಎಂಟು ಮೊನೆಯ ನಕ್ಷತ್ರ, ನೆತ್ತಿಯ ಮೇಲೆ ಕಿರೀಟ ಅಂದರೆ ಮೊದಲು ನೆನಪಾಗಬೇಕಾದದ್ದು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್.

ಆಮೇಲೆ ಕಣ್ಣು ಟೋಪಿಯಿಂದ ಭುಜಕ್ಕೆ ಇಳಿಯಲಿ. ನಿಮ್ಮ ತಾತನ ಭುಜಪಟ್ಟಿಯ ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಹಿತ್ತಾಳೆ ತುಂಡೊಂದಿದೆ. ಐದು ಅಕ್ಷರ. ಮೊದಲನೆಯ 'ಆರ್', ಕೊನೆಯ 'ಸಿ' ಸ್ಪಷ್ಟವಾಗಿ ಕಾಣುತ್ತವೆ. ಆರ್‌ಐಎಎಸ್‌ಸಿ ಅನ್ನೋಕೆ ಇಷ್ಟು ಸಾಕು. ಬ್ಯಾಡ್ಜ್ ಮಂಕಾದ ಫೋಟೊಗಳಲ್ಲಿ ಎಷ್ಟೋ ಸಲ ಕೈಹಿಡಿಯುವುದು ಈ ಭುಜದ ತುಂಡೇ. ಅದರಲ್ಲೂ ರುಮಾಲು ಸುತ್ತಿದ ಸಿಪಾಯಿಗಳ ತಲೆಯ ಮೇಲೆ ಸಾಮಾನ್ಯವಾಗಿ ಬ್ಯಾಡ್ಜೇ ಇರುತ್ತಿರಲಿಲ್ಲ, ಗುರುತೆಲ್ಲ ಭುಜದಲ್ಲೇ.

ಈ ಕೋರಿಗೆ 'ರಾಯಲ್' ಸೇರಿದ್ದು 1935ರಲ್ಲಿ. ಕಿರೀಟ ಹೋಗಿ ಅಶೋಕನ ಸಿಂಹ ಬಂದದ್ದು 1950ರಲ್ಲಿ ಗಣರಾಜ್ಯವಾದ ಮೇಲೆ. ಹಾಗಾಗಿ ಕಿರೀಟ ಕಂಡ ತಕ್ಷಣ 1947ಕ್ಕಿಂತ ಹಿಂದಿನ ಫೋಟೊ ಅಂತ ತೀರ್ಮಾನ ಮಾಡಬೇಡಿ. ಸ್ವಾತಂತ್ರ್ಯ ಬಂದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಸೈನಿಕರು ಅದೇ ಕಿರೀಟದ ಬ್ಯಾಡ್ಜ್ ಹಾಕಿಕೊಂಡೇ ಓಡಾಡಿದ್ದಾರೆ.

ಸರ್ವಿಸ್ ಕೋರ್ ಅಂದರೆ ರೇಷನ್, ಪೆಟ್ರೋಲ್, ಲಾರಿ, ಹೇಸರಗತ್ತೆ. 'ಅಷ್ಟೇನಾ' ಅನ್ನಿಸಬಹುದು. ಆದರೆ ಬರ್ಮಾದ ಕೆಸರಿನಲ್ಲಿ, ರಸ್ತೆಯೇ ಇಲ್ಲದ ಬೆಟ್ಟಗಳಲ್ಲಿ ಇವರು ಸಾಮಾನು ಮುಟ್ಟಿಸದಿದ್ದರೆ ಬಂದೂಕು ಹಿಡಿದವರು ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಮನೆಯ ಕಥೆ ಸುಳ್ಳಾಗಿರಬೇಕಿಲ್ಲ.

ಆದರೆ ಬರ್ಮಾಕ್ಕೆ ಹೋಗಿದ್ದರು ಅನ್ನೋದನ್ನು ಬ್ಯಾಡ್ಜ್ ಹೇಳಲ್ಲ. ಅದಕ್ಕೆ ಟ್ರಂಕ್ ತಡಕಿ. ಬರ್ಮಾ ಸ್ಟಾರ್ ಅನ್ನುವ ಆರು ಮೊನೆಯ ಪದಕ ಸಿಕ್ಕರೆ ಅದರ ಹಿಂಬದಿ ನೋಡಿ, ದುಂಡನೆಯ ಪದಕವಾದರೆ ಅಂಚು ನೋಡಿ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಕೊಟ್ಟವುಗಳ ಮೇಲೆ ನಂಬರು, ಹೆಸರು, ದಳ ಕೆತ್ತಿಸಿದ್ದರು. ಹುಣಸೆಹಣ್ಣು ಹಾಕಿ ಉಜ್ಜಬೇಡಿ ಮಾರಾಯ್ರೆ, ಅಕ್ಷರ ಸವೆದು ಹೋಗುತ್ತದೆ! ಆ ನಂಬರು, ಊರು, ತಂದೆಯ ಹೆಸರು ಇಟ್ಟುಕೊಂಡು ಬೆಂಗಳೂರಿನ ಎಎಸ್‌ಸಿ (ಅದೇ ಸರ್ವಿಸ್ ಕೋರಿನ ಈಗಿನ ಹೆಸರು) ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಿರಿ. ಪೆನ್ಷನ್ ಪುಸ್ತಕ ಸಿಕ್ಕರಂತೂ ಅರ್ಧ ಕೆಲಸ ಮುಗಿದಂತೆ.

ಬೇರೆಯವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ: ಆನೆ ಕಂಡರೆ ಮದ್ರಾಸ್ ರೆಜಿಮೆಂಟ್, ಒಂಟಿ ಕಾಲಿನ ಮೇಲೆ ನಿಂತು ಹಾರಲು ಹೊರಟಂತಿರುವ ಮನುಷ್ಯ ಕಂಡರೆ ಸಂದೇಶ ಮುಟ್ಟಿಸುವ ಸಿಗ್ನಲ್ಸ್ ದಳ, ಫಿರಂಗಿ ಇದ್ದರೆ ಆರ್ಟಿಲರಿ. ಕಹಳೆ ಇದ್ದರೆ ಸ್ವಲ್ಪ ತಡೆಯಿರಿ. ಬೆಳಗಾವಿ ಕಡೆಯವರಾದರೆ ಮರಾಠಾ ಲೈಟ್ ಇನ್ಫೆಂಟ್ರಿ ಇರಬಹುದು, ಆದರೆ ಹಲವು ರೈಫಲ್ಸ್ ರೆಜಿಮೆಂಟುಗಳಿಗೂ ಕಹಳೆಯೇ ಗುರುತು.

ಪ್ರಶ್ನೆ: ಮುತ್ತಾತನ ಪೇಟದಲ್ಲಿ ಗಂಡಭೇರುಂಡದ ಬಿಲ್ಲೆ ಇದೆ. ಅವರು ಹೈಫಾ ಯುದ್ಧದಲ್ಲಿದ್ದರು ಅನ್ನಬಹುದಾ?
– ಮೈಸೂರಿನ ಓದುಗರು

ಉತ್ತರ: ಅಷ್ಟಕ್ಕೇ ಹಾಗನ್ನಲು ಆಗಲ್ಲ. ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ. ಪೊಲೀಸರಿಂದ ಹಿಡಿದು ಅರಮನೆಯ ಚಾಕರಿಯವರ ತನಕ ಧರಿಸುತ್ತಿದ್ದರು. ಹೈಫಾದಲ್ಲಿ ಕಾದಾಡಿದ ಮೈಸೂರಿನ ಪಡೆ ಮೈಸೂರು ಲ್ಯಾನ್ಸರ್ಸ್. ಅದು ಕುದುರೆ ದಳ, ಹಾಗಾಗಿ ಮೊದಲು ಕಾಲು ನೋಡಿ, ಬೂಟಿನ ಹಿಮ್ಮಡಿಯಲ್ಲಿ ಕುದುರೆ ತಿವಿಯುವ ಮುಳ್ಳು ಇದೆಯಾ? ಸವಾರಿಯ ಬಿಗಿ ಚಲ್ಲಣ ಇದೆಯಾ? ಆಮೇಲೆ ವಯಸ್ಸಿನ ಲೆಕ್ಕ ಹಾಕಿ. ಹೈಫಾ ಕಾಳಗ ನಡೆದದ್ದು ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನಲ್ಲಿ, 1918ರ ಸೆಪ್ಟೆಂಬರ್ 23ರಂದು. 1940ರ ಆಸುಪಾಸಿನ ಫೋಟೊದಲ್ಲಿ ಇಪ್ಪತ್ತರ ಹುಡುಗನಂತೆ ಕಾಣುವವರು ಅಲ್ಲಿರಲು ಸಾಧ್ಯವಿಲ್ಲ ಅಲ್ವಾ? ಲ್ಯಾನ್ಸರ್ಸ್ ದಳ ಶುರುವಾದದ್ದು 1892ರಲ್ಲಿ, ಭಾರತೀಯ ಸೇನೆಯ ಕುದುರೆ ದಳವಾದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋದದ್ದು 1953ರಲ್ಲಿ. ಲ್ಯಾನ್ಸರ್ಸ್‌ನಲ್ಲಿದ್ದೂ ಹೈಫಾ ನೋಡದವರು ಬೇಕಾದಷ್ಟು ಜನ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸ್ಪಷ್ಟ ಮಾಡಿಸಿ ಕಳಿಸಲಾ?

ಉತ್ತರ: ದಯವಿಟ್ಟು ಬೇಡ. ಮುಖ ಚೆಂದ ಬರುತ್ತದೆ ನಿಜ, ಬ್ಯಾಡ್ಜನ್ನು ಮಾತ್ರ ಆ್ಯಪ್ ತಾನೇ ಊಹಿಸಿ ಬರೆದುಬಿಡುತ್ತದೆ, ಇಲ್ಲದ ರೆಕ್ಕೆ ಮೂಡಿಸುತ್ತದೆ. ಮೂಲ ಫೋಟೊವನ್ನೇ 1200 ಡಿಪಿಐನಲ್ಲಿ, ಕಪ್ಪುಬಿಳುಪಾದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿಸಿ. ಕೋಟಿನ ಗುಂಡಿ ಹೆಂಗಸರ ಬಟ್ಟೆಯಂತೆ ತಿರುಗುಮುರುಗಾಗಿ ಕಂಡರೆ ನೆಗೆಟಿವ್ ಉಲ್ಟಾ ಪ್ರಿಂಟ್ ಆಗಿರಬಹುದು, ಅದನ್ನೂ ತಿಳಿಸಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊದ ಸೀಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.